ಅಪ್ಪನ ಎಡೆ

ಶಿನೊ ಮೇಜನ್ನು ಮತ್ತೊಮ್ಮೆ ಒರೆಸತೊಡಗಿದಳು.

"ನಾನಾಗ್ಲೇ ಒರೆಸಿದೀನಿ ಕಣಮ್ಮ," ಎಂದರು ಅತ್ತೆ ಕಿನುಯೊ, ನೀರಿನ ಲೋಟಗಳನ್ನು ಇಡಲು ಜಾಗ ಸಿಗದೆ ಕೈಯಲ್ಲೇ ಹಿಡಿದುಕೊಂಡು. "ಬಿಸಿನೀರಲ್ಲಿ, ಹೊಸ ಬಟ್ಟೇಲಿ."

"ಗೊತ್ತು ಅತ್ತೆ."

ಗೊತ್ತಿದ್ದರೂ ಕೈ ನಿಲ್ಲಲಿಲ್ಲ. ಚೀಲದಿಂದ ಇನ್ನೊಂದು ಒದ್ದೆ ಕಾಗದ ತೆಗೆದು ಮೇಜಿನ ಅಂಚು, ಅಂಚಿನ ಅಡಿಭಾಗ, ಕುರ್ಚಿಯ ಬೆನ್ನು, ಮಗಳ ಕೈ ತಾಗಬಹುದಾದ ಕಿಟಕಿಯ ಕಟ್ಟೆ ಎಲ್ಲವನ್ನೂ ಒರೆಸಿದಳು. ಐದು ವರ್ಷದ ಕೊತೊ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಅಮ್ಮ 'ಹೂಂ' ಎನ್ನುವ ತನಕ ಏನನ್ನೂ ಮುಟ್ಟಬಾರದೆಂದು ಅವಳು ನಡೆಯುವ ಮೊದಲೇ ಕಲಿತಿದ್ದಳು.

ಹೊರಗೆ, ಅತ್ತೆ-ಮಾವನ ಊಟದ ಅಂಗಡಿ 'ಮಿಸಾಕಿಯಾ'ದ ಮಧ್ಯಾಹ್ನದ ಸಾಲು ಪಕ್ಕದ ಅಕ್ಕಿ ಅಂಗಡಿಯನ್ನು ದಾಟಿತ್ತು. ಒಳಗೆ ಎಲ್ಲ ಮೇಜುಗಳ ಮೇಲೂ ಒಂದೇ ಊಟ, ಓಮುರೈಸ್. ಕೋಳಿ, ಈರುಳ್ಳಿ, ಕೆಚಪ್ ಹಾಕಿ ಹುರಿದ ಕೆಂಪನೆಯ ಅನ್ನದ ದಿಬ್ಬ; ಅದರ ಮೇಲೆ ದಿಂಬಿನಂತೆ ಉಬ್ಬಿದ ಆಮ್ಲೆಟ್. ತಟ್ಟೆ ಮೇಜಿಗೆ ಬಂದಮೇಲೆ ಕಿನುಯೊ ಚಾಕುವಿನಿಂದ ಆ ದಿಂಬನ್ನು ಉದ್ದಕ್ಕೆ ಸೀಳುತ್ತಿದ್ದರು. ಸೀಳಿದ್ದೇ ತಡ, ಅದು ಎರಡೂ ಕಡೆಗೆ ಮಗುಚಿ, ಒಳಗಿನ ಅರೆಬೆಂದ ಹಳದಿ ಅನ್ನದ ಮೇಲೆಲ್ಲ ಇಳಿಯುತ್ತಿತ್ತು. ಗಿರಾಕಿಗಳು ಫೋನ್ ಎತ್ತಿ ಹಿಡಿದು "ಓ!" ಎನ್ನುತ್ತಿದ್ದರು. ಅಷ್ಟಕ್ಕಾಗಿಯೇ ಜನ ಹಿರೋಶಿಮಾದಿಂದ ರೈಲು ಹತ್ತಿ ಕುರೆ ಎಂಬ ಈ ಬಂದರಿಗೆ ಬರುತ್ತಿದ್ದರು.

ಪ್ರತಿ "ಓ"ಗೂ ಶಿನೊಳ ಭುಜಗಳು ಬಿಗಿದುಕೊಳ್ಳುತ್ತಿದ್ದವು. ಚಮಚದ ತುದಿಯಿಂದ ತೊಟ್ಟಿಕ್ಕುವ ಹಳದಿ, ಪಕ್ಕದ ಮೇಜಿನ ಹುಡುಗಿಯ ಗಲ್ಲದ ಹಳದಿ, ಆ ಹುಡುಗಿ ಅದೇ ಕೈಯಲ್ಲಿ ಹಿಡಿದ ಕುರ್ಚಿ. ಅವಳಿಗೆ ಅಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಚೀಲದೊಳಗೆ ಕೈ ಹಾಕಿ ಅಲರ್ಜಿ ಏರಿದರೆ ಚುಚ್ಚುವ ಇಂಜೆಕ್ಷನ್ ಪೆನ್ನು ಇದೆಯೇ ಎಂದು ಮುಟ್ಟಿ ನೋಡಿದಳು. ಇತ್ತು.

ಕೊತೊ ಹತ್ತು ತಿಂಗಳ ಕೂಸಾಗಿದ್ದಾಗ ಇದೇ ಮೇಜಿನಲ್ಲಿ ಕಿನುಯೊ ಅವಳ ಬಾಯಿಗೆ ಚಮಚದ ತುದಿಯಷ್ಟು ಮೊಟ್ಟೆ ಇಟ್ಟಿದ್ದರು, ಅಂಗಡಿಯ ಮಗು ಅಂಗಡಿಯ ರುಚಿ ನೋಡಲಿ ಎಂದು. ದೊಡ್ಡವರ ತಟ್ಟೆ ಖಾಲಿಯಾಗುವ ಮೊದಲೇ ಕೂಸಿನ ತುಟಿ ಊದಿ, ಕಣ್ಣು ಮುಚ್ಚಿಹೋಗಿ, ಉಸಿರಿನ ಜೊತೆ ಸಣ್ಣಗೆ ಸಿಳ್ಳೆಯ ಸದ್ದು ಬಂದಿತ್ತು. ಮೊಟ್ಟೆ ಆಗಿಬರುವುದಿಲ್ಲವೆಂದು ಅದಕ್ಕೆ ಮುಂಚೆ ಯಾರಿಗೆ ಗೊತ್ತಿತ್ತು? ಯಾರ ತಪ್ಪೂ ಅಲ್ಲ ಎಂದಿದ್ದರು ವೈದ್ಯರು. ಶಿನೊ ಕೂಡ ಅತ್ತೆಗೆ ಹಾಗೆಯೇ ಹೇಳಿದ್ದಳು. ಆದರೆ ಅಂದಿನಿಂದ ಇಲ್ಲಿಗೆ ಬರುವಾಗ ಮಗಳ ಊಟದ ಡಬ್ಬಿಯನ್ನು ತಾನೇ ತರುತ್ತಿದ್ದಳು, ಚಮಚವನ್ನೂ. ಕಿನುಯೊ ಅಂದಿನಿಂದ ಮೊಮ್ಮಗಳ ತಟ್ಟೆಯನ್ನು ಮುಟ್ಟಲಿಲ್ಲ. ಬರಬರುತ್ತ ಮೊಮ್ಮಗಳನ್ನು ಮುಟ್ಟುವುದೂ ನಿಂತಿತು. ಕೊತೊ ಹತ್ತಿರ ಓಡಿ ಬಂದರೆ ಮೊಟ್ಟೆ ಒಡೆದ ಕೈ ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಇವತ್ತು ಶಿನೊ ಡಬ್ಬಿ ತಂದಿರಲಿಲ್ಲ. ಗಂಡ ಮಸಾಕಿ ಸತ್ತು ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಮಹಡಿಯ ಮೇಲಿನ ಮನೆಗೆ ಬೌದ್ಧ ಗುರುಗಳು ಬಂದು ಸೂತ್ರ ಹೇಳಿ ಹೋಗಿದ್ದರು. ಅಂಗಡಿ ಮುಚ್ಚಬೇಡ, ಮುಚ್ಚಿದರೆ ಅವನೇ ಬೈತಾನೆ ಎಂದಿದ್ದರು ಮಾವ.

ಸಾಸಿವೆಕಾಳಿನಷ್ಟರಿಂದ ಶುರುಮಾಡಿ ಕೊತೊಳ ಮೈಗೆ ಮೊಟ್ಟೆಯನ್ನು ಒಗ್ಗಿಸುವ ಚಿಕಿತ್ಸೆ ಮಸಾಕಿ ಹಟ ಹಿಡಿದು ಮಾಡಿಸಿದ್ದು. ಶಿನೊಗೆ ಇಷ್ಟವಿರಲಿಲ್ಲ. "ಒಂದಿನ ನಮ್ಮಪ್ಪನ ಓಮುರೈಸ್ ತಿಂದೇ ತಿಂತಾಳೆ ನೋಡ್ತಿರೇ," ಎನ್ನುತ್ತಿದ್ದ ಅವನು. "ಅವತ್ತು ನೀನು ಮೇಜಿನ ಕೆಳಗೆ ಅವಿತ್ಕೊಂಡಿರ್ತೀಯ." ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದವನು ಕುಸಿದುಬಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಬ್ರಷ್ಷು ಇನ್ನೂ ಬಾಯಲ್ಲಿತ್ತು. ಶಿನೊ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದಳು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೆ ಗೊತ್ತಿಲ್ಲ. ನಲ್ಲಿಯಲ್ಲಿ ನೀರು ಹರಿಯುತ್ತಿತ್ತು. ಮೊದಲು ಅದನ್ನು ನಿಲ್ಲಿಸಿದಳು. ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಹಿಂದಿನ ಸಂಜೆ ಅವನು ಹೊಸ್ತಿಲ ಬಳಿ ಕಳಚಿ, ಬೆಳಿಗ್ಗೆ ಹಾಗೆಯೇ ಕಾಲು ತೂರಿಸಿಕೊಂಡು ಹೊರಡಲು ಅನುಕೂಲವಾಗಲೆಂದು ಎಲ್ಲರಂತೆ ಮೂತಿ ಹೊರಗೆ ತಿರುಗಿಸಿ ಇಟ್ಟಿದ್ದ ಬೂಟುಗಳು ಈಗಲೂ ಹಾಗೆಯೇ ಇದ್ದವು. ಒಂದು ವರ್ಷ ಅವಳು ಅವನ್ನು ದಾಟಿಕೊಂಡೇ ಓಡಾಡಿದ್ದಳು.

ಚಿಕಿತ್ಸೆಯನ್ನು ಬಿಡಲಿಲ್ಲ. ಬಿಡುವುದಕ್ಕೂ ಒಂದು ಮನಸ್ಸು ಬೇಕಿತ್ತು, ಅದು ಅವಳಲ್ಲಿರಲಿಲ್ಲ. ಕಳೆದ ತಿಂಗಳು ಆಸ್ಪತ್ರೆಯಲ್ಲಿ ಕೊತೊ ಗಟ್ಟಿಯಾಗಿ ಬೇಯಿಸಿದ ಒಂದು ಇಡೀ ಮೊಟ್ಟೆ ತಿಂದಳು. ಏನೂ ಆಗಲಿಲ್ಲ. "ಚೆನ್ನಾಗಿ ಬೆಂದಿದ್ರೆ ಧೈರ್ಯವಾಗಿ ಕೊಡಿ," ಎಂದರು ವೈದ್ಯೆ. "ಅರೆಬೆಂದದ್ದು, ಹಸೀದು ಬೇಡ. ನಮಗೆ ಎರಡೂ ಮೊಟ್ಟೇನೇ. ಇವಳ ಮೈಗೆ ಅವೆರಡೂ ಬೇರೆ ಬೇರೆ."

"ಬಂದ್ರಾ ರಾಣಿಯವರು?" ಅಡಿಗೆಯ ಕಟ್ಟೆಯಾಚೆಯಿಂದ ಮಾವ ತೊಕುಜಿ ಕತ್ತು ಚಾಚಿದರು.

"ತಾತ, ನಾನಿವತ್ತು ಮೊಟ್ಟೆ ತಿಂತೀನಿ! ಅಮ್ಮ ಹೂಂ ಅಂದಿದಾಳೆ."

"ಗೊತ್ತು ಗೊತ್ತು. ಬಂದರಿನಲ್ಲಿರೋ ಹಡಗಿಗೆಲ್ಲಾ ಗೊತ್ತು."

ಕೈ ಒರೆಸಿಕೊಳ್ಳುತ್ತ ಅವರು ಮೇಜಿನ ಬಳಿ ಬಂದರು. ಎಪ್ಪತ್ತು ದಾಟಿದ ಕುಳ್ಳ ಮನುಷ್ಯ. ಬಲಗೈ ಮಣಿಕಟ್ಟಿಗೆ ಸದಾ ಒಂದು ಪಟ್ಟಿ. ಸೊಸೆಯ ಮುಖ ನೋಡದೆ, ಮೇಜನ್ನು ನೋಡುತ್ತ ಕೇಳಿದರು.

"ಗಟ್ಟಿ ಅಂದ್ರೆ ಎಷ್ಟು ಗಟ್ಟಿ ಶಿನೊ?"

"ಪೂರ್ತಿ ಮಾವ. ಎರಡೂ ಕಡೆ. ಒಳಗೆ ಒಂಚೂರೂ ಹಸಿ ಇರ್ಬಾರ್ದು."

ಕಟ್ಟೆಯ ಕೊನೆಯ ಸ್ಟೂಲಿನಲ್ಲಿ ಕೂತಿದ್ದ ಕುರೊಸೆ ಕಿಸಕ್ಕನೆ ನಕ್ಕ. ಟ್ಯಾಕ್ಸಿ ಓಡಿಸುವ ಈ ಕುರೊಸೆ ತೊಕುಜಿಯ ಜೊತೆ ಶಾಲೆಗೆ ಹೋದವನು. ಮಧ್ಯಾಹ್ನದ ಊಟ ಇಲ್ಲೇ. "ಲೋ ತೊಕು, ಯಾರೋ ನೌಕಾಪಡೆಯೋನು ಮೊಟ್ಟೆ ಗಟ್ಟಿಯಾಗಿರ್ಲಿ ಅಂದಿದ್ದಕ್ಕೆ ಏನೋ ಅಂದಿದ್ದೆ? ಚಪ್ಲಿ ತಿನ್ಬೇಕಾದ್ರೆ ಚಪ್ಲಿ ಅಂಗಡಿಗೆ ಹೋಗಯ್ಯ ಅಂದಿರ್ಲಿಲ್ವಾ?"

"ಮುಚ್ಕೊಂಡು ತಿನ್ನೋ. ಅವನೇನು ನನ್ನ ಮೊಮ್ಮಗಳಾಗಿದ್ನಾ?"

"ನಂಗೂ ಇವತ್ತು ಗಟ್ಟೀದೇ ಬೇಕು ಅಂದ್ರೆ?"

"ನಿನ್ನ ಕಟ್ಟಿಸ್ಕೊಂಡ ಹಲ್ಲಿಗೆ ಗಟ್ಟೀದು ಬೇರೆ ಕೇಡು."

ಕೊತೊ ನಕ್ಕಳು. ತೊಕುಜಿ ಕಪಾಟಿನಿಂದ ಒಂದು ಪುಟ್ಟ ಬಾಣಲೆ ತೆಗೆದು ಶಿನೊಗೆ ತೋರಿಸಿದರು. ಹೊಳೆಯುತ್ತಿತ್ತು. "ಹೊಸದು. ಇದರಲ್ಲಿ ಇನ್ನೂ ಏನೂ ಮಾಡಿಲ್ಲ. ಚಮಚಾನೂ ಬೇರೆ ಇಟ್ಟಿದೀನಿ." ಶಿನೊ ತಲೆ ತಗ್ಗಿಸಿ ವಂದಿಸಿದಳು. "ಮೊದ್ಲು ಅವನದ್ದು ಮಾಡಿ ಮೇಲೆ ಎಡೆಗೆ ಕಳಿಸ್ಬಿಡ್ತೀನಿ," ಎಂದು ಅವರು ಒಲೆಯ ಕಡೆ ತಿರುಗಿದರು.

"ಅಪ್ಪಂಗೆ ಮೊದ್ಲು, ಆಮೇಲೆ ನಂಗೆ," ಎಂದು ಕೊತೊ ಕುರೊಸೆಗೆ ವಿವರಿಸಿದಳು. "ನಮ್ಮನೇಲಿ ದಿನಾ ಹಂಗೇ."

ಹೌದು, ದಿನವೂ ಹಾಗೆಯೇ. ಬೆಳಿಗ್ಗೆ ಬೆಂದ ಅನ್ನದಲ್ಲಿ ಮೊದಲ ತುತ್ತು ಪುಟ್ಟ ಬಟ್ಟಲಿನಲ್ಲಿ ಮಸಾಕಿಯ ಫೋಟೊದ ಮುಂದೆ. ಕೊತೊ ಗಂಟೆ ಬಾರಿಸುತ್ತಾಳೆ, ಕೈ ಮುಗಿಯುತ್ತಾಳೆ. ಹಬೆ ಆರಿದ ಮೇಲೆ ಎಡೆ ಇಳಿಸಿ ತಿನ್ನುತ್ತಾಳೆ. ಎಡೆಯನ್ನು ಚೆಲ್ಲಬಾರದು, ಮನೆಯವರೇ ತಿನ್ನಬೇಕು. "ಅಪ್ಪ ತಿಂದು ನಿಂಗೆ ಅಂತ ಬಿಟ್ಟಿದಾನೆ," ಎಂದು ಹೇಳಿಕೊಟ್ಟವಳು ಶಿನೊ. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಎಂದು ಕೇಳುತ್ತಿದ್ದ ಮಗುವಿಗೆ ಹೇಳಲು ಅವಳ ಬಳಿ ಬೇರೇನೂ ಇರಲಿಲ್ಲ. ಅಮ್ಮನನ್ನು ಕೇಳದೆ ಕೊತೊ ಬಾಯಿಗಿಡಬಹುದಾಗಿದ್ದದ್ದು ಅದೊಂದನ್ನೇ.

ತೊಕುಜಿ ಹಳೆಯ ಬಾಣಲೆಯಲ್ಲಿ ಮಗನ ಪಾಲು ಮಾಡಿದರು. ಮಸಾಕಿ ತಿನ್ನುತ್ತಿದ್ದ ಹಾಗೆಯೇ: ಹೊರಗೆ ತೆಳ್ಳಗೆ ಪೊರೆ ಕಟ್ಟಿ, ಒಳಗೆ ನಡುಗುವಂತೆ. ಬಿಸಿ ಇರುವಾಗಲೇ ಎಡೆ ಇಡಬೇಕೆಂದು ಕಿನುಯೊ ಅದನ್ನು ಸಣ್ಣ ತಟ್ಟೆಯಲ್ಲಿಟ್ಟು, ಪಕ್ಕಕ್ಕೊಂದು ಚಮಚವಿಟ್ಟು, ಎರಡೂ ಕೈಗಳಿಂದ ಎತ್ತಿಕೊಂಡು ಮೇಜುಗಳ ನಡುವೆ ನಡೆದು ಬಂದರು. ತಟ್ಟೆ ಹಾದುಹೋಗುವಾಗ ಶಿನೊ ಕೊತೊಳ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡಳು. ಅತ್ತೆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚಿ ಮೇಲೆ ಮರೆಯಾದ ಮೇಲೆ ಉಸಿರು ಬಿಟ್ಟಳು. ಮೇಲೆ ಹೋದ ತಟ್ಟೆ ಅವಳ ಲೆಕ್ಕದಲ್ಲಿ ಊಟವಾಗಿರಲಿಲ್ಲ. ಅದು ಮಸಾಕಿಯದು.

ಕಿನುಯೊ ಬರಿಗೈಯಲ್ಲಿ ಕೆಳಗೆ ಬಂದು ಮತ್ತೆ ಗಿರಾಕಿಗಳ ಕಡೆ ಹೋದರು.

"ಅಮ್ಮ, ಒಂದಕ್ಕೆ."

ಶಿನೊ ಏಳಹೊರಟಳು. ಅಷ್ಟರಲ್ಲಿ ತೊಕುಜಿ ಹೊಸ ಬಾಣಲೆಯನ್ನು ಒಲೆಗಿಟ್ಟು ಮೊಟ್ಟೆ ಕೈಗೆತ್ತಿಕೊಂಡರು. ಅದು ಬೇಯುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ನಲವತ್ತು ವರ್ಷ ಅರೆಬೆಂದದ್ದನ್ನೇ ಮಾಡಿದ ಕೈ. ಮರೆತು ಒಂದು ಕ್ಷಣ ಮೊದಲೇ ಇಳಿಸಿಬಿಟ್ಟರೆ?

"ಒಬ್ಳೇ ಹೋಗ್ತೀನಿ," ಎಂದಳು ಕೊತೊ. "ನಂಗೆ ಗೊತ್ತು ಎಲ್ಲಿ ಅಂತ."

ಈ ಕಟ್ಟಡದಲ್ಲಿ ಶಿನೊ ಹೆದರದ ಜಾಗ ಮೇಲಿನದೊಂದೇ. ಅಲ್ಲಿ ಎಣ್ಣೆ ಸಿಡಿಯುವುದಿಲ್ಲ, ಯಾರೂ ಹಳದಿ ಕೈಯಲ್ಲಿ ಬಾಗಿಲು ಹಿಡಿಯುವುದಿಲ್ಲ. "ಕೈ ತೊಳ್ಕೊಂಡು ಬಾ," ಎಂದಳು. ಕೊತೊ ಮೆಟ್ಟಿಲ ಬುಡದಲ್ಲಿ ಕೂತು ತನ್ನ ಕೆಂಪು ಬೂಟುಗಳನ್ನು ಕಳಚಿ, ಮೂತಿ ಹೊರಗೆ ತಿರುಗಿಸಿ, ಜೋಡಿಸಿಟ್ಟು ಹತ್ತಿಹೋದಳು.

ಶಿನೊ ಕಟ್ಟೆಗೆ ಒರಗಿ ನಿಂತು ಬಾಣಲೆಯನ್ನೇ ನೋಡಿದಳು. ಮೊಟ್ಟೆ ಹರಡಿತು, ಅಂಚು ಎದ್ದಿತು, ಹೊಳಪು ಕಳೆದುಕೊಂಡಿತು. "ಸಾಕಾ?" ಎಂದರು ತೊಕುಜಿ. "ಇನ್ನೂ ಒಂಚೂರು ಮಾವ." ಮಗುಚಿ ಹಾಕಿದರು. ಕಂದು ಚುಕ್ಕೆಗಳು ಕಾಣಿಸಿದವು. "ಈಗ?" "ಇನ್ನೂ ಒಂಚೂರು." ಅವರ ದವಡೆ ಬಿಗಿಯಿತು, ಆದರೆ ಕೈ ಕಾಯಿತು.

ಮೇಲಿನಿಂದ ಗಂಟೆಯ ಸದ್ದು ಬಂತು. ಟಣ್. ಹಿರಿಯರ ಗೂಡಿನ ಮುಂದಿನ ಪುಟ್ಟ ಕಂಚಿನ ಗಂಟೆ.

"ಅಪ್ಪಂಗೆ ನಮಸ್ಕಾರ ಹಾಕ್ತಿದಾಳೆ," ಎಂದ ಕುರೊಸೆ ತಗ್ಗಿದ ದನಿಯಲ್ಲಿ. ಕಿನುಯೊ ಚಾಕು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ ಛಾವಣಿಯ ಕಡೆ ನೋಡಿದರು. ಒಳ್ಳೆಯ ಮಗು ಎಂದುಕೊಂಡಳು ಶಿನೊ, ಮತ್ತೆ ಬಾಣಲೆಯ ಕಡೆ ಕಣ್ಣು ತಿರುಗಿಸಿದಳು.

ಗಟ್ಟಿಯಾದ ಮೊಟ್ಟೆಯ ಹಾಳೆಯಲ್ಲಿ ಕೆಂಪು ಅನ್ನವನ್ನು ಸುತ್ತಿ ತೊಕುಜಿ ತಟ್ಟೆಗೆ ಮಗುಚಿದರು. ಕೆಚಪ್ಪಿನಿಂದ ಮೇಲೆ ಕೊತೊ ಎಂದು ಬರೆದರು. ಕೊನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ತಾವೇ ತಂದು ಮೇಜಿನ ಮೇಲಿಟ್ಟರು. "ಇಂಥದ್ದು ಮಾಡ್ತಿದ್ದಿದ್ದು ನಮ್ಮಪ್ಪ," ಎಂದರು. "ನಾನು ನಗ್ತಿದ್ದೆ."

ಶಿನೊ ಚಮಚದಿಂದ ಒಂದು ಮೂಲೆ ಮುರಿದಳು. ಒತ್ತಿ ನೋಡಿದಳು. ಬಾಯಿಗಿಟ್ಟುಕೊಂಡಳು. ಒಣಗಿತ್ತು, ಬೆಂದಿತ್ತು. ರುಚಿ ಗೊತ್ತಾಗಲಿಲ್ಲ, ಒಂದು ವರ್ಷದಿಂದ ಯಾವುದರ ರುಚಿಯೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಮತ್ತೆ ಒಂದು ಸಲ ಎಲ್ಲವನ್ನೂ ಮನಸ್ಸಿನಲ್ಲಿ ಮುಟ್ಟಿ ನೋಡಿದಳು: ಮೇಜು, ಕುರ್ಚಿ, ಬಾಣಲೆ, ಚಮಚ. ಹೆದರಲು ಇನ್ನೇನೂ ಉಳಿದಿರಲಿಲ್ಲ.

"ಕರ್ಕೊಂಡ್ ಬಾಮ್ಮ ರಾಣಿಯವರನ್ನ," ಎಂದರು ತೊಕುಜಿ.

ಮೆಟ್ಟಿಲು ಹತ್ತುವಾಗ ಮೇಲಿನ ಮನೆ ನಿಶ್ಶಬ್ದವಾಗಿತ್ತು. ಶೌಚಾಲಯದ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಚಾಪೆಯ ಕೋಣೆಯ ಬಾಗಿಲನ್ನು ಸರಿಸಿದಳು. ಊದುಬತ್ತಿಯ ವಾಸನೆಯ ನಡುವೆ ಬೆಣ್ಣೆಯ ವಾಸನೆ ಬಂತು.

ಕೊತೊ ಗೂಡಿನ ಮುಂದೆ ಮಂಡಿಯೂರಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತೊಡೆಯ ಮೇಲೆ ಸಣ್ಣ ತಟ್ಟೆ. ಹಳದಿ ದಿಂಬಿನ ಒಂದು ಕಡೆ ಕುಸಿದು ಗುಳಿಯಾಗಿತ್ತು. ಗಲ್ಲದ ಮೇಲೆ, ಅಂಗಿಯ ತೋಳಿನ ಮೇಲೆ ಹಳದಿ. ಫೋಟೊದೊಳಗಿನ ಮಸಾಕಿ ಯಾವುದೋ ಮದುವೆಯಲ್ಲಿ ನಗುತ್ತಿದ್ದ.

"ಅಪ್ಪಂದು ಇಳಿಸ್ದೆ," ಎಂದಳು ಕೊತೊ. ಅಮ್ಮನ ಮುಖ ನೋಡಿ ಸೇರಿಸಿದಳು, "ಗಂಟೆ ಬಾರಿಸಿದ್ಮೇಲೇ ಇಳಿಸಿದ್ದು."

ಶಿನೊ ಬಾಗಿಲಲ್ಲಿ ನಿಂತಳು.

"ಎಷ್ಟು ತಿಂದೆ?"

"ಅಪ್ಪ ಬಿಟ್ಟಿದ್ದು."

ಅವಳು ಹೋಗಿ ತಟ್ಟೆಯನ್ನು ತೆಗೆದುಕೊಂಡಳು. ತನ್ನ ಅಂಗಿಯ ತೋಳಿನಿಂದಲೇ ಮಗಳ ಬಾಯಿ, ಗಲ್ಲ, ಬೆರಳುಗಳನ್ನು ಒರೆಸಿದಳು. "ಬಾಯಿ ತೆಗಿ. ನಾಲಿಗೆ ಚಾಚು." ಏನೂ ಕಾಣಲಿಲ್ಲ. ಏನೂ ಆಗದೆಯೂ ಇರಬಹುದು. ಎದುರಿಗೆ ಕೂತು ಆ ಮುಖವನ್ನೇ ನೋಡತೊಡಗಿದಳು. ತುಟಿ, ಕಣ್ಣಿನ ಸುತ್ತ, ಕತ್ತು. ಮತ್ತೆ ತುಟಿ. ಕೆಳಗಿನಿಂದ "ಓ!" ಕೇಳಿಸಿತು, ಯಾರೋ ಚಪ್ಪಾಳೆ ತಟ್ಟಿದರು.

"ನಾನು ತಪ್ಪು ಮಾಡಿದ್ನಾ ಅಮ್ಮ?"

"ಇಲ್ಲ."

"ಅಪ್ಪಂಗೆ ಬೇಜಾರಾಯ್ತಾ?"

"ಇಲ್ಲ. ಮಾತಾಡ್ಬೇಡ. ನಿಧಾನ ಉಸಿರಾಡು."

ಕೊತೊ ತುಟಿಯನ್ನು ಕೈಯ ಹಿಂಬದಿಯಿಂದ ಉಜ್ಜಿಕೊಂಡಳು. ಮತ್ತೊಮ್ಮೆ ಉಜ್ಜಿಕೊಂಡಳು. "ಅಮ್ಮ, ಇಲ್ಲಿ ಕಡೀತಿದೆ." ಕತ್ತಿನಲ್ಲಿ, ಕಾಲರಿನ ಮೇಲೆ, ಸೊಳ್ಳೆ ಕಡಿದಂತೆ ಒಂದು ಕೆಂಪು ಗಂದೆ ಎದ್ದಿತ್ತು. ನೋಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೆಮ್ಮಿದಳು.

ಸಣ್ಣ ಕೆಮ್ಮು. ಯಾವ ಮಗುವೂ ಕೆಮ್ಮುವಂಥದ್ದು. ಕೆಮ್ಮು ಬಿಡದೆ ಬಂದರೆ ಕಾಯಬೇಡಿ ಎಂದಿದ್ದರು ವೈದ್ಯೆ. ಯೋಚನೆ ಮಾಡಬೇಡಿ, ಚುಚ್ಚಿ. ಕೊತೊ ಮತ್ತೆ ಕೆಮ್ಮಿದಳು, ಮತ್ತೆ. ಶಿನೊ ಪಕ್ಕಕ್ಕೆ ಕೈ ಹಾಕಿದಳು. ಚೀಲ ಅಲ್ಲಿರಲಿಲ್ಲ. ಕೆಳಗೆ ಕುರ್ಚಿಯ ಮೇಲಿತ್ತು.

ಕೂಗಬೇಕು. ಬಾಯಿ ತೆರೆದಳು. ದನಿ ಬರಲಿಲ್ಲ. ಓಡಬೇಕು, ಆದರೆ ಮಗುವನ್ನು ಇಲ್ಲಿ ಒಂಟಿಯಾಗಿ ಬಿಟ್ಟು ಓಡುವುದು ಹೇಗೆ, ಎತ್ತಿಕೊಂಡು ಓಡಬೇಕು. ಇವೆಲ್ಲ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅವಳ ಕೈಗಳು ಮಾತ್ರ ಬೇರೆ ಯಾರದೋ ಎಂಬಂತೆ ತಟ್ಟೆಯನ್ನು ಎತ್ತಿ ಗೂಡಿನೊಳಗೆ, ಫೋಟೊದ ಮುಂದೆ, ಮೊದಲಿದ್ದಲ್ಲಿಗೇ ಇಟ್ಟು, ಚಮಚವನ್ನು ನೆಟ್ಟಗೆ ಮಾಡುತ್ತಿದ್ದವು. ಎಲ್ಲೋ ನಲ್ಲಿಯ ನೀರು ಹರಿಯುತ್ತಿದೆ ಎನಿಸಿತು.

"ಶಿನೊ?"

ಬಾಗಿಲಲ್ಲಿ ಕಿನುಯೊ ನಿಂತಿದ್ದರು. ಕೈಯಲ್ಲಿ ಅವಳ ಚೀಲ. "ಚೀಲ ಕೆಳಗೇ ಬಿಟ್ಟಿದ್ಯಲ್ಲಮ್ಮ. ನೀನು ಚೀಲ ಬಿಟ್ಟು ಹೋಗೋಳಲ್ಲ, ಯಾಕೋ ನಂಗೆ..." ಅವರ ಕಣ್ಣು ಕೊತೊಳ ಕತ್ತಿನ ಮೇಲೆ ಬಿತ್ತು. ಅಲ್ಲಿಂದ ತಟ್ಟೆಗೆ ಹೋಯಿತು. ಚೀಲ ಚಾಪೆಯ ಮೇಲೆ ಬಿತ್ತು, ಎರಡೂ ಕೈಗಳು ಬೆನ್ನ ಹಿಂದೆ ಹೋದವು.

"ನಾನೇ... ನಾನೇ ಅಲ್ವಾ ಇಟ್ಟಿದ್ದು..."

ಕೊತೊಳ ಉಸಿರಿನಲ್ಲಿ ಸಿಳ್ಳೆ ಕೇಳಿಸಿತು. ಬಹಳ ಸಣ್ಣಗೆ, ದೂರದ ಕೆಟಲಿನಂತೆ.

"ಅತ್ತೆ, ಹಿಡ್ಕೊಳಿ," ಎಂದಳು ಶಿನೊ.

"ನಾನಾ? ಈ ಕೈಯಲ್ಲಾ?"

"ಕಾಲು ಹಿಡ್ಕೊಳಿ. ಗಟ್ಟಿಯಾಗಿ. ಏನಾದ್ರೂ ಬಿಡ್ಬೇಡಿ."

ಕಿನುಯೊ ಕೂತರು. ನಾಲ್ಕು ವರ್ಷದಿಂದ ಮುಟ್ಟದ ಮೊಮ್ಮಗಳನ್ನು ಚಾಪೆಯ ಮೇಲೆ ಮಲಗಿಸಿ, ಮೊಣಕಾಲುಗಳ ಮೇಲೆ ತಮ್ಮ 'ಮೊಟ್ಟೆ ಒಡೆದ' ಕೈಗಳನ್ನಿಟ್ಟು ಮೈಭಾರವನ್ನೆಲ್ಲ ಹಾಕಿದರು. ಶಿನೊ ಚೀಲದಿಂದ ಪೆನ್ನು ತೆಗೆದು ಅದರ ನೀಲಿ ಮುಚ್ಚಳ ಕಿತ್ತಳು. ಬೆರಳು ಒಮ್ಮೆ ಜಾರಿತು. ಕೊತೊ ಅದನ್ನು ಗುರುತಿಸಿದಳು. "ಬೇಡ ಅಮ್ಮ, ಬೇಡ, ಇನ್ಮೇಲೆ ಇಳಿಸಲ್ಲ, ಅಜ್ಜೀ..." ಕಿತ್ತಳೆ ಬಣ್ಣದ ತುದಿಯನ್ನು ತೊಡೆಗೆ ಒತ್ತಿದಳು. ಟಕ್ ಎಂದಿತು. ಕೊತೊ ಕಿರುಚಿದಳು. ಅಜ್ಜಿ ಬಿಡಲಿಲ್ಲ. ಅಜ್ಜಿಯ ಕಣ್ಣಿನಿಂದ ನೀರು ಮಗುವಿನ ಕಾಲಿನ ಮೇಲೆ ಬೀಳುತ್ತಿತ್ತು, ಆದರೆ ಕೈ ಸಡಿಲವಾಗಲಿಲ್ಲ.

ಆಗ ಶಿನೊಗೆ ಕೂಗುವಷ್ಟು ದನಿ ಬಂತು. "ಮಾವಾ! ಆಂಬುಲೆನ್ಸ್!"

ಕೆಳಗಿನ ಗದ್ದಲ ಒಮ್ಮೆಲೇ ನಿಂತಿತು. ಕುರ್ಚಿ ಬಿದ್ದ ಸದ್ದು, ಕುರೊಸೆ ಫೋನಿನಲ್ಲಿ ಅಂಗಡಿಯ ವಿಳಾಸ ಕೂಗಿ ಹೇಳುತ್ತಿದ್ದ ಸದ್ದು. "ಮಗು, ಐದು ವರ್ಷ! ಮಿಸಾಕಿಯಾ ಕಣ್ರೀ, ಮಿಸಾಕಿಯಾ ಗೊತ್ತಿಲ್ವಾ? ಓಮುರೈಸ್ ಅಂಗಡಿ!"

ಆಂಬುಲೆನ್ಸಿನವರು ಮೆಟ್ಟಿಲಿನಿಂದ ಕೊತೊಳನ್ನು ಎತ್ತಿಕೊಂಡು ಇಳಿದರು. ಗಿರಾಕಿಗಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಒಂದು ಫೋನೂ ಮೇಲೇಳಲಿಲ್ಲ. ಒಬ್ಬರು ಮಾತ್ರ ಹತ್ತಬಹುದು ಎಂದ ಅವರಲ್ಲೊಬ್ಬ ಯುವಕ. ಕಿನುಯೊ ಹಿಂದೆ ಸರಿದರು. ಶಿನೊ ಅವರ ಮುಂಗೈ ಹಿಡಿದಳು.

"ಇಬ್ರೂ," ಎಂದಳು.

ಅವನು ಒಮ್ಮೆ ಇಬ್ಬರನ್ನೂ ನೋಡಿ, ಹತ್ತಿಸಿಕೊಂಡು ಬಾಗಿಲು ಹಾಕಿದ.

ಆಸ್ಪತ್ರೆ ಗುಡ್ಡದ ಮೇಲಿತ್ತು. ಸಂಜೆಯ ಹೊತ್ತಿಗೆ ಕೊತೊಳ ಗಂದೆಗಳು ಮಾಸಿದವು, ಉಸಿರಿನ ಸಿಳ್ಳೆ ನಿಂತಿತು. ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಲ್ಲಿ ಕೆಂಪು ದೀಪ ಉರಿಯುತ್ತಿತ್ತು. "ಸರಿಯಾದ ಹೊತ್ತಿಗೆ ಚುಚ್ಚಿದೀರಿ," ಎಂದರು ವೈದ್ಯರು. "ಆದ್ರೆ ಇವತ್ತು ಇಲ್ಲೇ ಇರ್ಲಿ. ಒಮ್ಮೊಮ್ಮೆ ಇಳಿದದ್ದು ಮತ್ತೆ ಏರುತ್ತೆ." ಶಿನೊ ತಲೆಯಾಡಿಸಿದಳು. ಮತ್ತೆ ಏರುತ್ತದೆ ಎಂಬುದು ಅವಳಿಗೆ ಹೊಸದಲ್ಲ.

ಮಂಚದ ಎರಡು ಬದಿಯಲ್ಲಿ ಇಬ್ಬರೂ ಕೂತಿದ್ದರು. ಕಿನುಯೊ ಇನ್ನೂ ಏಪ್ರನ್ನಿನಲ್ಲೇ ಇದ್ದರು. ಅವರು ಹೇಳಿದರು, "ಮೇಲೆ ಇಟ್ಟೋಳು ನಾನು. ಗಂಟೆ ಕೇಳಿಸ್ತು. ಕೇಳಿಸಿದ್ರೂ ಹೊಳೀಲಿಲ್ಲ. ಎರಡನೇ ಸಲ ಶಿನೊ. ಎರಡೂ ಸಲ ನಾನೇ."

"ಇಳಿಸೋದು ಕಲಿಸಿದ್ದು ನಾನು ಅತ್ತೆ."

"ನೀನು ಕಲಿಸಿದ್ದು ಅನ್ನ."

"ಅನ್ನ ಅಂತ ಹೇಳಿರ್ಲಿಲ್ಲ. ಅಪ್ಪ ಬಿಟ್ಟಿದ್ದು ಅಂತ ಹೇಳಿದ್ದೆ."

ಅತ್ತೆ ಏಪ್ರನ್ನಿನ ತುದಿಯನ್ನು ಮಡಿಸಿದರು, ಬಿಚ್ಚಿದರು. ಕೊತೊ ಕಣ್ಣು ತೆರೆದಳು.

"ಅಮ್ಮ, ತಾತ ಮಾಡಿದ್ದು ಆರೋಯ್ತಾ? ನನ್ನ ಹೆಸರಿಂದು?"

"ಆರಿರುತ್ತೆ."

"ಯಾರು ತಿಂದ್ರು?"

"ಯಾರೂ ತಿಂದಿಲ್ಲ."

ಕೊತೊ ತುಟಿ ನೆಕ್ಕಿಕೊಂಡಳು. "ಅಪ್ಪಂದು ಮೆತ್ತಗಿತ್ತು," ಎಂದಳು. "ಬಾಯಲ್ಲಿ ಇಟ್ರೆ ಇರ್ತಾನೇ ಇರ್ಲಿಲ್ಲ." ಅಜ್ಜಿಯ ಕಡೆ ತಿರುಗಿ, "ಅಜ್ಜಿ, ನೀನು ಕಾಲು ತುಂಬಾ ಗಟ್ಟಿ ಹಿಡ್ದೆ. ನೋವಾಯ್ತು."

"ಆಯ್ತಾ ಕಂದ?"

"ಹೂಂ." ಮತ್ತೆ ಕಣ್ಣು ಮುಚ್ಚಿಕೊಂಡಳು. ಹೊದಿಕೆಯ ಹೊರಗೆ ಚಾಚಿದ್ದ ಅವಳ ಪಾದದ ಮೇಲೆ ಕಿನುಯೊ ಒಂದು ಕೈ ಇಟ್ಟರು. ಇಟ್ಟ ಕೈಯನ್ನು ತಾವೇ ನೋಡುತ್ತ ಕೂತರು.

ಹೊರಗಿನ ಓಣಿಯಲ್ಲಿ ಚಪ್ ಚಪ್ ಎಂದು ನೆನೆದ ಹೆಜ್ಜೆಗಳ ಸದ್ದು ಬಂತು. ಬಾಗಿಲಲ್ಲಿ ತೊಕುಜಿ. ತಲೆಯ ಮೇಲೆ ಅಡಿಗೆಯ ಬಿಳಿ ಟೋಪಿ, ಕಾಲಲ್ಲಿ ಅಡಿಗೆಮನೆಯ ರಬ್ಬರ್ ಬೂಟು. ಒಳಗೆ ಬರಬಹುದೋ ಬಾರದೋ ಎಂದು ತಿಳಿಯದೆ ನಿಂತರು. ಬಲಗೈಯಲ್ಲಿ ಕೊತೊಳ ಕೆಂಪು ಬೂಟುಗಳಿದ್ದವು.

"ಬರೀ ಕಾಲ್ಚೀಲದಲ್ಲಿ ಹೋಯ್ತಲ್ಲ ಮಗು," ಎಂದರು.

"ಒಲೆ ಆರಿಸಿದ್ರಾ?" ಎಂದು ಕಿನುಯೊ ಪಿಸುಗುಟ್ಟಿದರು.

"ಒಲೆ..." ಅವರು ಮಣಿಕಟ್ಟಿನ ಪಟ್ಟಿಯನ್ನು ತಡವಿಕೊಂಡರು. "ಕುರೊಸೆ ಇದಾನೆ."

"ಅವನಿಗೆ ನೀರು ಕಾಯಿಸೋಕೂ ಬರಲ್ಲ."

ತೊಕುಜಿ ಮಂಚದ ಬಳಿ ಬಂದು ಮೊಮ್ಮಗಳ ಮುಖವನ್ನು, ಬೆರಳಿನ ಕೆಂಪು ದೀಪವನ್ನು ನೋಡಿದರು. ಆಮೇಲೆ ಮಂಚದ ಕಂಬಿ ಹಿಡಿದು, ಒಂದು ಮಂಡಿ, ಮತ್ತೊಂದು ಮಂಡಿ ಎಂದು ಕಷ್ಟಪಟ್ಟು ನೆಲಕ್ಕೆ ಕೂತು ಬೂಟುಗಳನ್ನು ಇಟ್ಟರು. ಇಟ್ಟು, ನೋಡಿ, ಮತ್ತೆ ಎತ್ತಿ ತಿರುಗಿಸಿದರು. ಎರಡರ ಮೂತಿಯೂ ಬಾಗಿಲ ಕಡೆ ಬರುವ ಹಾಗೆ, ಒಂದಕ್ಕೊಂದು ತಾಗುವ ಹಾಗೆ ಬೆರಳಿನಿಂದ ಸರಿಪಡಿಸಿದರು.

ಕಿಟಕಿಯ ಕೆಳಗೆ ಬಂದರಿನ ದೀಪಗಳು ಹತ್ತತೊಡಗಿದ್ದವು. ಶಿನೊ ಮಗಳ ಎದೆ ಏರುವುದನ್ನು ನೋಡಿದಳು, ಇಳಿಯುವುದನ್ನು ನೋಡಿದಳು, ಮತ್ತೆ ಏರುವ ತನಕ ತನ್ನ ಉಸಿರು ಹಿಡಿದಳು. ನಡುನಡುವೆ ಅವಳ ಕಣ್ಣು ಕೆಳಗೆ ಹೋಗುತ್ತಿತ್ತು. ಒಂದು ಬೂಟಿನ ಮೂತಿಯ ಮೇಲೆ ಕೆಚಪ್ಪಿನ ಸಣ್ಣ ಚುಕ್ಕೆ ಒಣಗಿತ್ತು.